ಒಂದು ಚಮಚ ಹೆಪ್ಪಿನ ಲೆಕ್ಕ

ಹೊಸೂರಿನಿಂದ ಕೃಷ್ಣಗಿರಿಗೆ ಬಸ್ಸಿನಲ್ಲಿ ಹೋಗಿದ್ದೀರಾ? ಸುಮಾರು 50 ಕಿಲೋಮೀಟರ್ ದಾರಿ. ಶೂಲಗಿರಿ ದಾಟಿ ರಸ್ತೆ ಇಳಿಯುತ್ತ ಹೋದ ಹಾಗೆ ಕಿಟಕಿಯ ಗಾಳಿಯಲ್ಲಿದ್ದ ತಂಪು ಮಾಯವಾಗುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಕೃಷ್ಣಗಿರಿ ಅದರ ಅರ್ಧಕ್ಕಿಂತ ಸ್ವಲ್ಪವೇ ಮೇಲೆ. ಎತ್ತರ ಹೆಚ್ಚಿದಷ್ಟೂ ಗಾಳಿ ತಣ್ಣಗಿರುತ್ತದೆ. 1000 ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆ ಎಂದು ಲೆಕ್ಕ. ಹೀಗಾಗಿ ಎರಡೂ ಊರುಗಳ ನಡುವೆ ಎರಡು-ಮೂರು ಡಿಗ್ರಿಯ ವ್ಯತ್ಯಾಸ ಇದ್ದೇ ಇರುತ್ತದೆ.

ಎರಡು-ಮೂರು ಡಿಗ್ರಿ ಏನು ಮಹಾ, ಒಂದು ಸ್ವೆಟರ್ ಹಾಕಿಕೊಂಡರೆ ಆಯಿತು ಅನ್ನುತ್ತೀರಿ. ಮೊಸರಿನ ಪಾತ್ರೆ ಮಾತ್ರ ಹಾಗೆ ಸುಮ್ಮನಿರುವುದಿಲ್ಲ. ಜನವರಿಯ ಒಂದು ರಾತ್ರಿ ಹೊಸೂರಿನ ಒಂದು ಮನೆಯಲ್ಲೂ ಕೃಷ್ಣಗಿರಿಯ ಒಂದು ಮನೆಯಲ್ಲೂ ಒಂದೇ ಬಗೆಯ ಹಾಲಿಗೆ ಒಂದೇ ಅಳತೆಯ ಹೆಪ್ಪು ಹಾಕಿದರು ಅಂದುಕೊಳ್ಳಿ. ಬೆಳಿಗ್ಗೆ ಕೃಷ್ಣಗಿರಿಯವರು ಮೊಸರನ್ನ ಕಲಸಿ ಡಬ್ಬಿಗೆ ಹಾಕಿ ಮಕ್ಕಳನ್ನು ಸ್ಕೂಲಿಗೆ ಕಳಿಸಿರುತ್ತಾರೆ. ಹೊಸೂರಿನಲ್ಲಿ ಮುಚ್ಚಳ ತೆಗೆದು ನೋಡಿದ ಅಮ್ಮ, “ಇನ್ನೂ ಹಾಲಿನ ಹಾಗೇ ಇದೆ, ಮಧ್ಯಾಹ್ನಕ್ಕೆ ಆಗುತ್ತೇನೋ” ಅನ್ನುತ್ತಾರೆ. ತಳಿ, ಡೆಂಕಣಿಕೋಟೆ ಕಡೆಯ ಮನೆಗಳಲ್ಲಂತೂ ಚಳಿಗಾಲದಲ್ಲಿ ಇದು ದಿನದ ಮಾತು. ಅಲ್ಲಿ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ.

ಮೊಸರಿಗೆ ಚಳಿಯಾಗುತ್ತದೆಯೇ? ಮೊಸರಿಗಲ್ಲ, ಮೊಸರು ಮಾಡುವವರಿಗೆ ಆಗುತ್ತದೆ. ಆ ಕೆಲಸದವರು ಇರುವುದು ನೀವು ಹಾಕಿದ ಹೆಪ್ಪಿನಲ್ಲಿ.

ಮೊದಲು ಹಾಲನ್ನು ಸ್ವಲ್ಪ ನೋಡೋಣ. 100 ಗ್ರಾಂ ಹಸುವಿನ ಹಾಲು ತೆಗೆದುಕೊಂಡರೆ ಅದರಲ್ಲಿ ಸುಮಾರು 87 ಗ್ರಾಂ ಬರೀ ನೀರು! ಉಳಿದಿದ್ದರಲ್ಲಿ 5 ಗ್ರಾಂನಷ್ಟು ಸಕ್ಕರೆ. ಇದು ನಾವು ಕಾಫಿಗೆ ಹಾಕುವ ಸಕ್ಕರೆಯಲ್ಲ, ಲ್ಯಾಕ್ಟೋಸ್ ಎಂಬ ಹಾಲಿನದೇ ಸಕ್ಕರೆ. ಸಿಹಿ ಬಹಳ ಕಡಿಮೆ. ಮತ್ತೆ 4 ಗ್ರಾಂನಷ್ಟು ಕೊಬ್ಬು, 3 ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನು. ಎಮ್ಮೆ ಹಾಲಿನಲ್ಲಿ ನೀರು ಇಷ್ಟಿರುವುದಿಲ್ಲ, ಕೊಬ್ಬು 6-7 ಗ್ರಾಂ ಇರುತ್ತದೆ. ಎಮ್ಮೆ ಹಾಲಿನ ಮೊಸರು ಚಾಕುವಿನಲ್ಲಿ ಕತ್ತರಿಸಬಹುದು ಅನ್ನುವಷ್ಟು ಗಟ್ಟಿಯಾಗುವುದು ಅದಕ್ಕೇ. ಆವಿನ್ ಪ್ಯಾಕೆಟ್ ಹಾಲು ತರುವವರಾದರೆ ಬಣ್ಣ ನೋಡಿ: ನೀಲಿ ಪ್ಯಾಕೆಟ್ಟಿನಲ್ಲಿ 3 ಭಾಗ ಕೊಬ್ಬು, ಹಸಿರಿನಲ್ಲಿ ನಾಲ್ಕೂವರೆ, ಕಿತ್ತಳೆಯಲ್ಲಿ 6. ಯಾವುದರ ಮೊಸರಿಗೆ ದಪ್ಪ ಕೆನೆ ಬರುತ್ತದೆ ಎಂದು ಇನ್ನು ನಾನು ಹೇಳಬೇಕಾಗಿಲ್ಲ.

ಆದರೆ ಹಾಲು ಹೆಪ್ಪುಗಟ್ಟಿ ಮೊಸರಾಗುವುದು ಕೊಬ್ಬಿನಿಂದಲ್ಲ, ಪ್ರೋಟೀನಿನಿಂದ. ಹಾಲಿನ ಪ್ರೋಟೀನಿನಲ್ಲಿ 100ಕ್ಕೆ 80 ಭಾಗ ಕೇಸೀನ್ ಎಂಬುದು. ಇದು ಅತಿ ಸಣ್ಣ ಉಂಡೆಗಳಾಗಿ ಹಾಲಿನ ತುಂಬ ತೇಲುತ್ತಿರುತ್ತದೆ. ಎಷ್ಟು ಸಣ್ಣದೆಂದರೆ, ನಿಮ್ಮ ಸ್ಕೇಲಿನ ಒಂದು ಮಿಲಿಮೀಟರಿನಲ್ಲಿ ಇಂಥ ಸಾವಿರಾರು ಉಂಡೆಗಳನ್ನು ಸಾಲಾಗಿ ನಿಲ್ಲಿಸಬಹುದು. ಹಾಲು ಬೆಳ್ಳಗೆ ಕಾಣುವುದರಲ್ಲೂ ಇವುಗಳ ಪಾಲು ದೊಡ್ಡದು. ಬೆಳಕು ಇವುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ಈ ಉಂಡೆಗಳ ಮೈಮೇಲೆ ಒಂದೇ ಬಗೆಯ ವಿದ್ಯುತ್ ಅಂಶವಿದೆ, ಋಣ ವಿದ್ಯುತ್ತು. ಆದ್ದರಿಂದ ಒಂದನ್ನೊಂದು ದೂಡುತ್ತವೆ, ಹತ್ತಿರ ಬಂದರೂ ಅಂಟಿಕೊಳ್ಳುವುದಿಲ್ಲ. ಹಾಲು ನೀರಾಗಿ ಹರಿಯುವುದು ಈ ದೂಡಾಟ ಇರುವ ತನಕ ಮಾತ್ರ.

ಈಗ ಹೆಪ್ಪಿಗೆ ಬನ್ನಿ. ನಿನ್ನೆಯ ಮೊಸರಿನ ಒಂದು ಚಮಚದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಜೀವಂತ ಇರುತ್ತವೆ. ಒಂದೊಂದೂ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಇವು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಎಂಬ ಹುಳಿಯನ್ನು ಹೊರಗೆ ಬಿಡುತ್ತವೆ. ಹುಳಿಯನ್ನು ಅಳೆಯಲು ಪಿಎಚ್ ಎಂಬ ಅಳತೆ ಇದೆ: ಶುದ್ಧ ನೀರಿಗೆ 7, ಹುಳಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. ಹಾಲಿನದು ಸುಮಾರು 6.6. ಬ್ಯಾಕ್ಟೀರಿಯಾಗಳು ತಿನ್ನುತ್ತ ಹೋದ ಹಾಗೆ ಇದು ಇಳಿದು 4.6ರ ಬಳಿ ಬಂದಾಗ ಕೇಸೀನ್ ಉಂಡೆಗಳ ಮೈಮೇಲಿನ ವಿದ್ಯುತ್ತು ಸಮನಾಗಿಬಿಡುತ್ತದೆ. ದೂಡಾಟ ನಿಂತಿತು! ಉಂಡೆಗೆ ಉಂಡೆ ಅಂಟಿ, ಪಾತ್ರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ಒಂದು ಜಾಲ ಹೆಣೆದುಕೊಳ್ಳುತ್ತದೆ. ಆ 87 ಭಾಗ ನೀರು ಎಲ್ಲಿಗೂ ಹೋಗಿಲ್ಲ, ಜಾಲದ ಕಣ್ಣುಗಳಲ್ಲಿ ಸಿಕ್ಕಿಕೊಂಡಿದೆ ಅಷ್ಟೇ. ನಾವು ಅದನ್ನು ಗಟ್ಟಿ ಮೊಸರು ಅನ್ನುತ್ತೇವೆ.

ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಅಲ್ಲಾಡಿಸಬೇಡ ಎಂದು ಅಜ್ಜಿ ಗದರುತ್ತಾರಲ್ಲ, ಅವರ ಮಾತು ಸರಿ. ಹೆಣೆಯುತ್ತಿರುವ ಜಾಲ ಹರಿದರೆ ನೀರು ಬೇರೆ, ಗಡ್ಡೆ ಬೇರೆ ಆಗುತ್ತದೆ.

ಹಾಲು ಹುಳಿಯಾಗುವುದರ ಗುಟ್ಟು ಬಿಡಿಸಲು ಜನರಿಗೆ ನೂರಾರು ವರ್ಷ ಹಿಡಿಯಿತು. 1780ರಲ್ಲಿ ಸ್ವೀಡನ್ನಿನ ಷೀಲೆ ಎಂಬ ಔಷಧ ತಯಾರಕ ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿದ. ಆದರೆ ಅದನ್ನು ಮಾಡುವವರು ಯಾರು? ಜೀವಿಗಳು ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಲ್ಲಿ ತೋರಿಸಿಕೊಟ್ಟ. 1870ರ ದಶಕದಲ್ಲಿ ಜೋಸೆಫ್ ಲಿಸ್ಟರ್ ಹುಳಿ ಹಾಲಿಗೆ ನೀರು ಬೆರೆಸಿ ಬೆರೆಸಿ ತೆಳುಮಾಡಿ, ಅದರೊಳಗಿನ ಒಂದೇ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಬೇರೆಮಾಡಿ ಬೆಳೆಸಿದ. ನನಗೆ ಇಷ್ಟವಾಗುವುದು ಈ ಲಿಸ್ಟರನ ಕತೆಯೇ. ಆತ ಹಾಲಿನ ವ್ಯಾಪಾರಿಯಲ್ಲ, ಆಪರೇಷನ್ ಮಾಡುವ ಡಾಕ್ಟರು. ಗಾಯಗಳು ಕೀವಾಗದಂತೆ ಕ್ರಿಮಿನಾಶಕ ಬಳಸುವುದನ್ನು ಲೋಕಕ್ಕೆ ಕಲಿಸಿದವನು. ಗಾಯ ಯಾಕೆ ಕೀವಾಗುತ್ತದೆ ಎಂದು ತಿಳಿಯಲು ಹೊರಟವನು ಹಾಲು ಯಾಕೆ ಹುಳಿಯಾಗುತ್ತದೆ ಎಂದು ನೋಡುತ್ತ ಕುಳಿತ! ಮುಂದೆ 1905ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ಎಂಬ ವಿದ್ಯಾರ್ಥಿ ತನ್ನ ದೇಶದ ಮೊಸರಿನಲ್ಲಿದ್ದ ಇನ್ನೊಂದು ಬ್ಯಾಕ್ಟೀರಿಯಾವನ್ನು ಕಂಡುಹಿಡಿದ. ಅಂಗಡಿಯಲ್ಲಿ ಯೋಗರ್ಟ್ ಎಂದು ಕಪ್ಪಿನಲ್ಲಿ ಮಾರುವುದರಲ್ಲಿ ಇರುವುದು ಅದು ಮತ್ತು ಅದರ ಜೊತೆಗಾರ. ಅವಕ್ಕೆ 42-45 ಡಿಗ್ರಿ ಬಿಸಿ ಹಿತ. ನಮ್ಮ ಮನೆಯ ಮೊಸರಿನಲ್ಲಿ ಹಲವು ಬಗೆಯವು ಸೇರಿಕೊಂಡಿರುತ್ತವೆ. ಲಿಸ್ಟರ್ ಹಿಡಿದ ಬಗೆಯದು 30 ಡಿಗ್ರಿಯ ಬೆಚ್ಚಗಿನಲ್ಲೇ ಖುಷಿಯಾಗಿರುತ್ತದೆ. ನಮ್ಮಲ್ಲಿ ಯಂತ್ರವಿಲ್ಲದೆ, ಬರೀ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರೂ ಮೊಸರಾಗುವುದು ಇದರಿಂದಲೇ.

ಇನ್ನು ಕೆಲಸಕ್ಕೆ ಇಳಿಯೋಣ. ಅರ್ಧ ಲೀಟರ್ ಹಾಲು, ಒಂದು ಟೀ ಚಮಚ ಮೊಸರು, ಮುಚ್ಚಳವಿರುವ ಒಂದು ಪಾತ್ರೆ. ಒಲೆಯ ಹತ್ತಿರ ದೊಡ್ಡವರು ಜೊತೆಗಿರಲಿ.

ಹಾಲನ್ನು ಚೆನ್ನಾಗಿ ಉಕ್ಕಿಸಬೇಕು. ಪ್ಯಾಕೆಟ್ ಹಾಲನ್ನು ಡೈರಿಯಲ್ಲೇ ಬಿಸಿ ಮಾಡಿ ಕಳಿಸಿರುತ್ತಾರೆ, ಮತ್ತೆ ಯಾಕೆ ಎಂದು ಕೇಳಬಹುದು. ಎರಡು ಲಾಭವಿದೆ. ಹಾಲಿನಲ್ಲಿ ಉಳಿದಿರಬಹುದಾದ ಬೇಡದ ಕ್ರಿಮಿಗಳು ಸತ್ತು, ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ ಜಾಗ ಖಾಲಿಯಾಗುತ್ತದೆ. ಇನ್ನೊಂದು ಕಣ್ಣಿಗೆ ಕಾಣದ ಲಾಭ: ಕೇಸೀನ್ ಅಲ್ಲದ ಇತರ ಪ್ರೋಟೀನುಗಳು ಬಿಸಿಗೆ ಮಡಿಕೆ ಬಿಚ್ಚಿಕೊಂಡು ಕೇಸೀನ್ ಉಂಡೆಗಳಿಗೆ ಅಂಟುತ್ತವೆ. ಆಗ ಜಾಲ ಗಟ್ಟಿಯಾಗಿ, ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹೊಸೂರಿನ ಎತ್ತರದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97ಕ್ಕೇ ಕುದಿಯುತ್ತದೆ. ಈ ಕೆಲಸಕ್ಕೆ ಅಷ್ಟು ಧಾರಾಳ ಸಾಕು.

ಉಕ್ಕಿದ ಮೇಲೆ ಆರಲು ಬಿಡಿ. ಎಷ್ಟು ಆರಬೇಕು? ಪುಸ್ತಕದಲ್ಲಿ 40 ಡಿಗ್ರಿ ಎಂದಿರುತ್ತದೆ, ಅಡುಗೆಮನೆಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಅಜ್ಜಿಯ ಥರ್ಮಾಮೀಟರ್ ಅವರ ಕಿರುಬೆರಳು. ಕೈ ತೊಳೆದು ಬೆರಳ ತುದಿಯನ್ನು ಅದ್ದುತ್ತಾರೆ, ಅಥವಾ ಒಂದು ತೊಟ್ಟನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಳ್ಳುತ್ತಾರೆ. ಉಗುರುಬೆಚ್ಚಗಿದ್ದರೆ ಸರಿ. (ನೀವು ಮಾತ್ರ ನೇರವಾಗಿ ಬೆರಳು ಅದ್ದಬೇಡಿ; ಮೊದಲು ಪಾತ್ರೆಯ ಹೊರಮೈ ಮುಟ್ಟಿ ನೋಡಿ.) ಈ ಬೆರಳಿನ ಅಳತೆಯನ್ನು ಅಂದಾಜು ಎಂದು ತಳ್ಳಿಹಾಕುವಂತಿಲ್ಲ. ನಮ್ಮ ಚರ್ಮಕ್ಕೆ ‘ಸುಡುತ್ತಿದೆ’ ಎಂದು ಅನ್ನಿಸುವುದು 45 ಡಿಗ್ರಿಯ ಆಸುಪಾಸಿನಲ್ಲಿ. ಮೊಸರಿನ ಎಷ್ಟೋ ಬ್ಯಾಕ್ಟೀರಿಯಾಗಳು ಬೆಳೆಯಲಾರದೆ ಸೋಲುವುದೂ ಹೆಚ್ಚು ಕಡಿಮೆ ಅಲ್ಲಿಯೇ. ಕುದಿಯುವ ಹಾಲಿಗೇ ಹೆಪ್ಪು ಹಾಕಿದಿರೋ, ಪಾಪ, ಎಲ್ಲವೂ ಬೆಂದುಹೋಗುತ್ತವೆ.

ಹದವಾದ ಮೇಲೆ ಹೆಪ್ಪು ಹಾಕಿ, ನಿಧಾನವಾಗಿ ಕಲಕಿ, ಮುಚ್ಚಿಡಿ.

ಈಗ ಲೆಕ್ಕ. ನೋಟುಪುಸ್ತಕ ತೆಗೆಯಿರಿ.

ಒಂದು ಟೀ ಚಮಚ ಅಂದರೆ ಸುಮಾರು 5 ಮಿಲಿಲೀಟರ್. ಹಾಲು 500 ಮಿಲಿಲೀಟರ್. ನಿನ್ನೆಯ ಮೊಸರಿನಲ್ಲಿ ಒತ್ತೊತ್ತಾಗಿದ್ದ ಬ್ಯಾಕ್ಟೀರಿಯಾಗಳು ಈಗ ನೂರು ಪಟ್ಟು ಜಾಗದಲ್ಲಿ ಚದುರಿದವು. ಅವು ಮತ್ತೆ ಅಷ್ಟೇ ಒತ್ತಾಗಬೇಕಾದರೆ ನೂರು ಪಟ್ಟು ಹೆಚ್ಚಬೇಕು. ಬ್ಯಾಕ್ಟೀರಿಯಾ ಮರಿ ಹಾಕುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಒಂದು ಸೀಳಿ ಎರಡಾಗುತ್ತದೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು, ಮತ್ತೆ 8, 16, 32, 64, 128. ನೂರು ದಾಟಲು ಎಷ್ಟು ಸಲ ದುಪ್ಪಟ್ಟಾಗಬೇಕಾಯಿತು? ಏಳೇ ಸಲ!

ಬೇಸಿಗೆಯ ಕೃಷ್ಣಗಿರಿಯಲ್ಲಿ ಒಂದು ಸಲ ಸೀಳಲು ಅವಕ್ಕೆ ಮುಕ್ಕಾಲು ಗಂಟೆ ಸಾಕು ಎಂದಿಟ್ಟುಕೊಳ್ಳಿ. ಏಳು ಸಲಕ್ಕೆ ಐದೂಕಾಲು ಗಂಟೆ. ತಳಿಯ ಚಳಿಯಲ್ಲಿ ಒಂದು ಸಲಕ್ಕೆ ಎರಡು ಗಂಟೆ ಬೇಕಾಯಿತು ಅನ್ನಿ, ಏಳು ಸಲಕ್ಕೆ 14 ಗಂಟೆ! ರಾತ್ರಿ ಎಂಟಕ್ಕೆ ಹೆಪ್ಪು ಹಾಕಿದರೆ ಬೆಳಿಗ್ಗೆ ಹತ್ತು. ಡಬ್ಬಿ ಕಟ್ಟುವ ಹೊತ್ತಿಗೆ ಮೊಸರು ಸಿಗದಿರುವುದು ಹೀಗೆ.

ಚಳಿಗಾಲದಲ್ಲಿ ಎಲ್ಲರೂ ಮಾಡುವ ಉಪಾಯವೊಂದಿದೆ: ಹೆಪ್ಪು ಎರಡು ಚಮಚ ಹಾಕು. ಇದರಿಂದ ಅರ್ಧ ಸಮಯದಲ್ಲಿ ಮೊಸರಾಗುತ್ತದೆಯೇ? ಲೆಕ್ಕ ಹಾಕಿ ನೋಡಿ. ಒಂದರ ಬದಲು ಎರಡರಿಂದ ಶುರುಮಾಡಿದರೆ 4, 8, 16, 32, 64, 128. ಏಳರ ಬದಲು ಆರು ಸಲ. ಉಳಿದಿದ್ದು ಒಂದೇ ಒಂದು ಸುತ್ತು, ಅಂದರೆ ಎರಡು ಗಂಟೆ. ನಾಲ್ಕು ಚಮಚ ಹಾಕಿದರೂ ಎರಡೇ ಸುತ್ತು ಉಳಿತಾಯ. ಅದೇ ಪಾತ್ರೆಯನ್ನು ಬೆಚ್ಚಗಿಟ್ಟು, ಎರಡು ಗಂಟೆಯ ಸುತ್ತನ್ನು ಒಂದು ಗಂಟೆಗೆ ಇಳಿಸಿದಿರಾದರೆ ಒಂದು ಚಮಚದಲ್ಲೇ ಏಳು ಗಂಟೆಯೊಳಗೆ ಮೊಸರು ಸಿದ್ಧ. ಅಂದರೆ ಚಳಿಗೆ ಮದ್ದು ಹೆಪ್ಪಲ್ಲ, ಬಿಸಿ. ಹೆಪ್ಪು ಸುರಿದರೆ ಇನ್ನೊಂದು ತೊಂದರೆಯೂ ಇದೆ: ನಿನ್ನೆಯ ಹುಳಿ ಅದರ ಜೊತೆಗೇ ಬಂದುಬಿಡುತ್ತದೆ.

ಸುತ್ತಿಗೆ ಮುಕ್ಕಾಲು ಗಂಟೆ, ಎರಡು ಗಂಟೆ ಎಂದು ನಾನು ಹಿಡಿದ ಅಂಕಿಗಳು ಲೆಕ್ಕ ಸುಲಭವಾಗಲೆಂದು. ನಿಮ್ಮ ಮನೆಯ ಹೆಪ್ಪಿನ ನಿಜವಾದ ವೇಗ ನಿಮ್ಮ ಗಡಿಯಾರಕ್ಕೆ ಮಾತ್ರ ಗೊತ್ತು. ಅದನ್ನು ಕಂಡುಕೊಳ್ಳಲು ಭಾನುವಾರ ಬೆಳಿಗ್ಗೆ ಎದ್ದ ಕೂಡಲೇ ಶುರುಮಾಡಿ. ರಾತ್ರಿ ಮಾಡಿದರೆ ಗಂಟೆಗೊಮ್ಮೆ ಎದ್ದು ನೋಡಬೇಕಾಗುತ್ತದೆ, ಅದಕ್ಕೆ ಮನೆಯವರು ಒಪ್ಪುವುದಿಲ್ಲ. ಒಂದೇ ಅಳತೆಯ ನಾಲ್ಕು ಸ್ಟೀಲ್ ಲೋಟ, ಎಲ್ಲದರಲ್ಲೂ 100 ಮಿಲಿಲೀಟರ್ ಉಗುರುಬೆಚ್ಚಗಿನ ಹಾಲು. ಮೊದಲನೆಯದಕ್ಕೆ ಹೆಪ್ಪೇ ಬೇಡ. ಎರಡನೆಯದಕ್ಕೆ ಕಾಲು ಟೀ ಚಮಚ, ಮೂರನೆಯದಕ್ಕೆ ಅರ್ಧ ಚಮಚ; ಈ ಮೂರೂ ಕಟ್ಟೆಯ ಮೇಲಿರಲಿ. ನಾಲ್ಕನೆಯದಕ್ಕೂ ಕಾಲು ಚಮಚವೇ, ಆದರೆ ಅದನ್ನು ಮುದ್ದೆ ಇಡುವ ಹಾಟ್‌ಬಾಕ್ಸಿನೊಳಗಿಟ್ಟು, ಪಕ್ಕದಲ್ಲಿ ಬಿಸಿನೀರಿನ ಒಂದು ಲೋಟ ಇಟ್ಟು ಮುಚ್ಚಿ. ನಾಲ್ಕು ಗಂಟೆ ಕಳೆದ ಮೇಲೆ ಗಂಟೆಗೊಮ್ಮೆ ಲೋಟವನ್ನು ಒಂಚೂರು ಓರೆ ಮಾಡಿ ನೋಡಿ, ಅಲ್ಲಾಡಿಸಬೇಡಿ. ಯಾವುದು ಮೊದಲು ಹರಿಯುವುದನ್ನು ನಿಲ್ಲಿಸಿತು ಎಂದು ಬರೆದಿಡಿ. ಮೊದಲನೆಯ ಲೋಟ ಯಾಕೆ ಎಂದು ಕೇಳಿದಿರಾ? ಅದು ಹಾಲಾಗಿಯೇ ಉಳಿದರೆ, ಮಿಕ್ಕವು ಗಟ್ಟಿಯಾದದ್ದು ಹೆಪ್ಪಿನಿಂದಲೇ, ತಾನಾಗಿ ಅಲ್ಲ ಎಂದು ಸಾಕ್ಷಿ ಸಿಕ್ಕಿತು. ಲಿಸ್ಟರನಿಗೂ ಇಂಥ ಸಾಕ್ಷಿ ಬೇಕಾಗಿತ್ತು.

ಹಾಟ್‌ಬಾಕ್ಸ್ ಇಲ್ಲದ ಕಾಲದಲ್ಲಿ ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತುತ್ತಿದ್ದರು, ರಾಗಿ ಚೀಲದ ನಡುವೆ ಹುದುಗಿಸುತ್ತಿದ್ದರು, ಆರಿದ ಒಲೆಯ ಬೂದಿಯ ಪಕ್ಕದಲ್ಲಿಡುತ್ತಿದ್ದರು. ಈ ಸೀಮೆಯಲ್ಲಿ ರಾಗಿಗೇನು ಬರ! ಕಂಬಳಿಯಾಗಲಿ ರಾಗಿಯಾಗಲಿ ಬಿಸಿಯನ್ನು ಹುಟ್ಟಿಸುವುದಿಲ್ಲ. ನೂಲಿನ ನಡುವೆ, ಕಾಳಿನ ನಡುವೆ ಸಿಕ್ಕ ಗಾಳಿ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ಹಾಗಾಗಿ ಹಾಲು ತಣ್ಣಗಾದ ಮೇಲೆ ಕಂಬಳಿ ಹೊದಿಸಿ ಪ್ರಯೋಜನವಿಲ್ಲ.

ಮೊಸರಾದ ಮೇಲೆ ಬ್ಯಾಕ್ಟೀರಿಯಾಗಳು ಏನಾಗುತ್ತವೆ? ಸಕ್ಕರೆಯೆಲ್ಲ ಖಾಲಿಯಾಗಿ ಉಪವಾಸ ಬೀಳುತ್ತವೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಹಾಲಿನ ಸಕ್ಕರೆಯ ಹೆಚ್ಚಿನ ಪಾಲು ಇನ್ನೂ ಹಾಗೇ ಇರುತ್ತದೆ. ತಾವೇ ಬಿಟ್ಟ ಹುಳಿಯನ್ನು ತಾವೇ ತಾಳಲಾರದೆ ಅವು ನಿಧಾನವಾಗುತ್ತವೆ. ಬೇಸಿಗೆಯಲ್ಲಿ ಪಾತ್ರೆಯನ್ನು ಸಂಜೆವರೆಗೂ ಹೊರಗೇ ಬಿಟ್ಟರೆ ಇನ್ನಷ್ಟು ಹುಳಿ ಬಿಟ್ಟು, ಮೊಸರು ಬಾಯಿಗಿಡಲಾಗದಂತಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸಾಯುವುದಿಲ್ಲ, ಬಹುಪಾಲು ಸುಮ್ಮನಿರುತ್ತವೆ. ಬಿತ್ತನೆಗೆಂದು ಎತ್ತಿಟ್ಟ ರಾಗಿಯ ಹಾಗೆ, ಮತ್ತೆ ಬೆಚ್ಚಗಿನ ಹಾಲು ಸಿಕ್ಕರೆ ಏಳುತ್ತವೆ.

ಗಟ್ಟಿ ಮೊಸರಿನಿಂದ ಒಂದು ಸೌಟು ತೆಗೆದು ಪಾತ್ರೆಯನ್ನು ಹಾಗೇ ಬಿಡಿ. ಸ್ವಲ್ಪ ಹೊತ್ತಿಗೆ ಆ ಗುಳಿಯಲ್ಲಿ ತಿಳಿನೀರು ತುಂಬಿರುತ್ತದೆ. ಕತ್ತರಿಸಿದ ಜಾಲದಿಂದ ಬಿಡಿಸಿಕೊಂಡ ನೀರು ಅದು. ಚೆಲ್ಲಬೇಡಿ, ಬೆಳಕಿಗೆ ಹಿಡಿದು ನೋಡಿ: ಹಸಿರು ಬೆರೆತ ತೆಳು ಹಳದಿ. ಆ ಬಣ್ಣ ರೈಬೋಫ್ಲೇವಿನ್ ಎಂಬ ಬಿ2 ವಿಟಮಿನ್ನಿನದು. ಹಾಲಿನಲ್ಲೂ ಇತ್ತು, ಬಿಳುಪಿನ ನಡುವೆ ಕಾಣುತ್ತಿರಲಿಲ್ಲ. ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಇರುತ್ತದಲ್ಲ, ಕತ್ತಲೆಯಲ್ಲಿ ಅದರ ಬೆಳಕನ್ನು ಈ ನೀರಿಗೆ ಬಿಡಿ. ಮಿಂಚುಹುಳದ ಬಣ್ಣದಲ್ಲಿ ಹೊಳೆಯುತ್ತದೆ! ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ.

ಒಮ್ಮೊಮ್ಮೆ ಎಲ್ಲ ಸರಿಯಾಗಿ ಮಾಡಿದರೂ ಹಾಲು ಹೆಪ್ಪುಗಟ್ಟುವುದೇ ಇಲ್ಲ. ದನ ಸಾಕಿದವರ ಮನೆಯಲ್ಲಿ ಕೇಳಿ, ಕಾರಣ ಹೇಳುತ್ತಾರೆ. ಹಸುವಿಗೆ ಕೆಚ್ಚಲು ಬಾವಾದಾಗ ಆಂಟಿಬಯೋಟಿಕ್ ಚುಚ್ಚುಮದ್ದು ಕೊಡುತ್ತಾರೆ. ಆ ಔಷಧ ಹಾಲಿಗೂ ಇಳಿಯುತ್ತದೆ. ಕೆಚ್ಚಲಿನ ಕೆಟ್ಟ ಬ್ಯಾಕ್ಟೀರಿಯಾ, ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾ ಎಂಬ ಭೇದ ಅದಕ್ಕೆಲ್ಲಿಯದು? ಅದಕ್ಕೇ ಔಷಧ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಬಾರದು.

ಇನ್ನು ಮನೆಯಲ್ಲಿ ಹೆಪ್ಪೇ ಇಲ್ಲದಿದ್ದರೆ? ಪಕ್ಕದ ಮನೆಗೆ ಹೋಗಿ. ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದು ಎನ್ನುವವರು ಇದ್ದಾರೆ. ಬ್ಯಾಕ್ಟೀರಿಯಾಗಳಿಗೆ ದೀಪದ ಲೆಕ್ಕವಿಲ್ಲ, ಆದರೂ ಹಗಲಲ್ಲೇ ಕೇಳಿಬಿಡುವುದು ಜಾಣತನ. ಪಕ್ಕದಲ್ಲಿ ಮನೆಯೇ ಇಲ್ಲ ಎಂದರೆ ಹಸಿಮೆಣಸಿನಕಾಯಿ ಇದೆ. ನಾಲ್ಕೈದು ಕಾಯಿಗಳ ತೊಟ್ಟನ್ನು ತೊಳೆದು, ಒಂದು ಲೋಟ ಉಗುರುಬೆಚ್ಚಗಿನ ಹಾಲಿನಲ್ಲಿ ಮುಳುಗುವಂತೆ ಹಾಕಿ, ಬೆಚ್ಚಗಿನ ಜಾಗದಲ್ಲಿ ಮುಚ್ಚಿಡಿ. ಗಿಡಗಳ ಮೈಮೇಲೂ ಹುಳಿ ಬಿಡುವ ಬ್ಯಾಕ್ಟೀರಿಯಾಗಳು ವಾಸವಾಗಿರುತ್ತವೆ. ಆದರೆ ಸಂಖ್ಯೆ ಬಹಳ ಕಡಿಮೆ, ಆದ್ದರಿಂದ ಏಳು ಸುತ್ತು ಸಾಲುವುದಿಲ್ಲ. ರಾತ್ರಿ ಇಟ್ಟದ್ದು ಮರುದಿನ ಮಧ್ಯಾಹ್ನವಾದರೂ ಆಶ್ಚರ್ಯವಿಲ್ಲ. ತೊಟ್ಟಿನ ಮೇಲೆ ಇನ್ನೂ ಯಾರ್ಯಾರು ಇದ್ದರೋ ಹೇಳಲಾಗುವುದಿಲ್ಲ. ಹಾಗಾಗಿ ಮೊದಲ ಸಲ ಸಿಕ್ಕಿದ್ದನ್ನು ತಿನ್ನಬೇಡಿ. ಕೆಟ್ಟ ವಾಸನೆ, ಬಣ್ಣದ ಚುಕ್ಕೆ, ಲೋಳೆ ಕಂಡರೆ ಎಲ್ಲವನ್ನೂ ಗಿಡದ ಬುಡಕ್ಕೆ ಸುರಿದು ಪಾತ್ರೆ ತೊಳೆಯಿರಿ. ಹಸನಾಗಿ ಗಟ್ಟಿಯಾಗಿ, ಮೊಸರಿನದೇ ವಾಸನೆ ಬಂದಿದ್ದರೆ ಅದರ ಒಂದು ಚಮಚವನ್ನು ಹೊಸದಾಗಿ ಉಕ್ಕಿಸಿ ಆರಿಸಿದ ಹಾಲಿಗೆ ಹಾಕಿ. ಅದು ಎಷ್ಟು ಗಂಟೆಗೆ ಹೆಪ್ಪುಗಟ್ಟಿತು ಎಂಬುದನ್ನೂ ಆ ಭಾನುವಾರದ ಪುಟದ ಕೆಳಗೇ ಬರೆದಿಡಿ. ಸುತ್ತುಗಳು ಕಡಿಮೆಯಾದವೋ ಇಲ್ಲವೋ ಗೊತ್ತಾಗುತ್ತದೆ.